ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಹೆಸರೇ ಇಲ್ಲ: ಮಿಂಟ್‌ನಲ್ಲಿ ಕುಳಿತು ವಿಂಡೋಸ್ 11 ಪೆನ್‌ಡ್ರೈವ್ ಮಾಡುವುದು

ಪ್ರಶ್ನೆ: ನಮ್ಮ ಮನೆ ನಾಪೋಕ್ಲು ಹತ್ತಿರ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಮಿಂಟ್ 22 ಇದೆ. ತಂಗಿಯದು ವಿಂಡೋಸ್ 11, ಪ್ರೊಸೆಸರ್ ಐ5-1135ಜಿ7. ಹೋದ ವಾರ ಬಯೋಸ್ ಅಪ್‌ಡೇಟ್ ಆಯಿತು, ಅಂದಿನಿಂದ ಆನ್ ಮಾಡಿದರೆ ನೀಲಿ ಪರದೆ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ಬಂದು ನಿಲ್ಲುತ್ತದೆ. ಮೈಕ್ರೋಸಾಫ್ಟ್ ಪುಟದಿಂದ ವಿಂಡೋಸ್ 11 ಐಎಸ್‌ಒ ಇಳಿಸಿ, ಮಿಂಟ್‌ನ ಯುಎಸ್‌ಬಿ ಇಮೇಜ್ ರೈಟರ್‌ನಿಂದ 16 ಜಿಬಿ ಪೆನ್‌ಡ್ರೈವ್‌ಗೆ ಬರೆದೆ. ‘ಯಶಸ್ವಿ’ ಎನ್ನುತ್ತದೆ, ಆದರೆ ತಂಗಿಯ ಲ್ಯಾಪ್‌ಟಾಪ್‌ನ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವ್ ಕಾಣುವುದೇ ಇಲ್ಲ. ಇನ್ನೊಂದು ಪೆನ್‌ಡ್ರೈವ್‌ನಲ್ಲೂ ಅದೇ ಕತೆ. ಒಳಗಿನ ಫೈಲ್‌ಗಳನ್ನು ಕೈಯಾರೆ ಕಾಪಿ ಮಾಡಲು ಹೋದರೆ ಒಂದು ಫೈಲ್ ‘ತುಂಬಾ ದೊಡ್ಡದು’ ಎಂದು ತಡೆಯುತ್ತದೆ. ಈ ಮಳೆಯಲ್ಲಿ ಮಡಿಕೇರಿ ಅಂಗಡಿಗೆ ಓಡಾಡುವ ಬದಲು ಮನೆಯಲ್ಲೇ ಸರಿಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಪೆನ್‌ಡ್ರೈವ್ ಎರಡೂ ಚೆನ್ನಾಗಿಯೇ ಇವೆ, ಐಎಸ್‌ಒ ಕೂಡ ಬಹುಶಃ ಸರಿಯಾಗಿದೆ. ಬರೆದ ವಿಧಾನ ಮಾತ್ರ ವಿಂಡೋಸ್‌ಗೆ ಒಗ್ಗುವುದಲ್ಲ. ಇನ್ನೊಂದು ಮಾತು: ನಿಮ್ಮ ನೀಲಿ ಪರದೆಯ ಹೆಸರು ನೋಡಿದರೆ ವಿಂಡೋಸ್ ಮತ್ತೆ ಹಾಕುವ ಅಗತ್ಯವೇ ಬೀಳದೆ ಇರಬಹುದು. ಅದನ್ನೇ ಮೊದಲು ನೋಡೋಣ.

ಇಂಟೆಲ್ 11ನೇ ತಲೆಮಾರಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ನೇರವಾಗಿ ಕಾಣುವುದಿಲ್ಲ, ವಿಎಂಡಿ ಎಂಬ ನಿಯಂತ್ರಕದ ಹಿಂದೆ ಇರುತ್ತದೆ. ವಿಂಡೋಸ್ ಹಾಕುವಾಗ ವಿಎಂಡಿ ಆನ್ ಇದ್ದು, ಆಮೇಲೆ ಆಫ್ ಆದರೆ, ಅಥವಾ ಇದರ ತಿರುಗುಮುರುಗು ಆದರೆ, ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗದು. ಆಗ ಬರುವುದು ಇದೇ ನೀಲಿ ಪರದೆ. ಬಯೋಸ್ ಅಪ್‌ಡೇಟ್ ಆದಾಗ ಕೆಲವು ಯಂತ್ರಗಳಲ್ಲಿ ಸೆಟ್ಟಿಂಗ್‌ಗಳು ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಆದ್ದರಿಂದ ಬಯೋಸ್ ಒಳಗೆ ಹೋಗಿ, ಸ್ಟೋರೇಜ್ ಅಥವಾ ಅಡ್ವಾನ್ಸ್‌ಡ್ ವಿಭಾಗದಲ್ಲಿ ವಿಎಂಡಿ, ಆರ್‌ಎಸ್‌ಟಿ ಅಥವಾ ಎಎಚ್‌ಸಿಐ ಎಂಬ ಆಯ್ಕೆ ಹುಡುಕಿ. ಈಗ ಯಾವುದಿದೆ ಎಂದು ಬರೆದಿಟ್ಟುಕೊಂಡು, ಇನ್ನೊಂದಕ್ಕೆ ಬದಲಿಸಿ, ಒಮ್ಮೆ ಬೂಟ್ ಮಾಡಿ. ಏಸರ್ ಯಂತ್ರಗಳಲ್ಲಿ ಈ ಆಯ್ಕೆ ಅಡಗಿರುತ್ತದೆ. ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಹೊರಬರುತ್ತದೆ. ವಿಂಡೋಸ್ ಎದ್ದರೆ ಮುಂದಿನದೆಲ್ಲ ಬೇಡ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ತನ್ನ ರಿಕವರಿ ಕೀ ಕೇಳಿದರೆ ಗಾಬರಿ ಬೇಡ, ಕೀ ಸಿಗುವ ದಾರಿ ಕೆಳಗಿದೆ. ಬಯೋಸ್ ಬದಲಾದಾಗ ಅದು ಕೇಳುವುದು ಸಹಜ. ಏನೂ ಬದಲಾಗದಿದ್ದರೆ ಸೆಟ್ಟಿಂಗ್ ಮೊದಲಿದ್ದಂತೆಯೇ ಇಟ್ಟು ಮುಂದೆ ಓದಿ.

ಈಗ ಬೂಟ್ ಮೆನುವಿನ ವಿಷಯ. ಐಎಸ್‌ಒ ಎಂದರೆ ಮೂಲತಃ ಡಿವಿಡಿಯ ಪಡಿಯಚ್ಚು. ಇಮೇಜ್ ರೈಟರ್ ಆ ಅಚ್ಚನ್ನು ಮೊದಲ ಬೈಟ್‌ನಿಂದ ಕೊನೆಯವರೆಗೆ ಇದ್ದ ಹಾಗೇ ಪೆನ್‌ಡ್ರೈವ್‌ಗೆ ಇಳಿಸುತ್ತದೆ, ಏನನ್ನೂ ಸೇರಿಸುವುದಿಲ್ಲ. ಮಿಂಟ್, ಉಬುಂಟು, ಫೆಡೋರಾಗಳ ಐಎಸ್‌ಒ ಮಾಡುವವರು ಇದನ್ನು ಎಣಿಸಿಯೇ, ಡಿಸ್ಕ್‌ಗೆ ಬೇಕಾದ ಪಾರ್ಟಿಶನ್ ಪಟ್ಟಿಯನ್ನೂ ಯುಇಎಫ್‌ಐ (ಈಗಿನ ಬಯೋಸ್, ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್) ಓದಬಲ್ಲ, ಫ್ಯಾಟ್ ಎಂಬ ಕಡತ ವ್ಯವಸ್ಥೆಯ ಒಂದು ಪುಟ್ಟ ವಿಭಾಗವನ್ನೂ ಅಚ್ಚಿನೊಳಗೇ ಇಟ್ಟಿರುತ್ತಾರೆ. ಇಂಥದ್ದಕ್ಕೆ ಐಸೊಹೈಬ್ರಿಡ್ ಎನ್ನುತ್ತಾರೆ. ಡಿವಿಡಿಗೆ ಸುಟ್ಟರೂ ಏಳುತ್ತದೆ, ಪೆನ್‌ಡ್ರೈವ್‌ಗೆ ಇಳಿಸಿದರೂ ಏಳುತ್ತದೆ. ಮೈಕ್ರೋಸಾಫ್ಟ್‌ನ ಐಎಸ್‌ಒದಲ್ಲಿ ಆ ವ್ಯವಸ್ಥೆ ಇಲ್ಲ. ಅದರಲ್ಲಿರುವುದು ಡಿವಿಡಿಗೆ ಮಾತ್ರ ಹೊಂದುವ ಬೂಟ್ ಗುರುತು ಮತ್ತು ಯುಡಿಎಫ್ ಎಂಬ ಡಿವಿಡಿ ಕಡತ ವ್ಯವಸ್ಥೆ. ಪೆನ್‌ಡ್ರೈವ್ ಚುಚ್ಚಿದಾಗ ಫರ್ಮ್‌ವೇರ್ ಅದನ್ನು ಡಿಸ್ಕ್ ಎಂದೇ ನೋಡುತ್ತದೆ. ಪಾರ್ಟಿಶನ್ ಪಟ್ಟಿ ಇಲ್ಲ, ಫ್ಯಾಟ್ ವಿಭಾಗವೂ ಇಲ್ಲ ಎಂದಾದ ಮೇಲೆ ಅದರ ಮಟ್ಟಿಗೆ ಅಲ್ಲಿ ಬೂಟ್ ಆಗುವಂಥದ್ದು ಏನೂ ಇಲ್ಲ. ಮೆನುವಿನಲ್ಲಿ ಹೆಸರೂ ಬರುವುದಿಲ್ಲ. ಇಮೇಜ್ ರೈಟರ್ ‘ಯಶಸ್ವಿ’ ಎಂದದ್ದು ಸುಳ್ಳೇನಲ್ಲ. ಬರೆಯುವುದು ಯಶಸ್ವಿಯಾಗಿದೆ, ಅಷ್ಟೇ.

ಹಾಗಾದರೆ ಫೈಲ್‌ಗಳನ್ನೇ ಕಾಪಿ ಮಾಡಿದರೆ? ನೀವು ಹಿಡಿದ ದಾರಿ ಸರಿಯಾಗಿಯೇ ಇತ್ತು, ಕೊನೆಯ ಹೆಜ್ಜೆಯಲ್ಲಿ ಎಡವಿತು. ಎಲ್ಲ ಯುಇಎಫ್‌ಐ ಫರ್ಮ್‌ವೇರ್‌ಗಳೂ ಓದಲೇಬೇಕಾದ ಕಡತ ವ್ಯವಸ್ಥೆ ಫ್ಯಾಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆ ಓದುವುದು ಫರ್ಮ್‌ವೇರ್ ಮಾಡುವವರ ಇಷ್ಟ. ಫ್ಯಾಟ್32ರಲ್ಲಿ ಒಂದು ಫೈಲ್ 4,29,49,67,295 ಬೈಟ್ ಮೀರುವಂತಿಲ್ಲ, ಎಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ವಿಂಡೋಸ್ 11ರ ಸೋರ್ಸಸ್ ಫೋಲ್ಡರ್‌ನಲ್ಲಿರುವ ಇನ್‌ಸ್ಟಾಲ್.ವಿಮ್ ಈ ಗೆರೆ ದಾಟಿದೆ. ಇಡೀ ವಿಂಡೋಸ್ ಇರುವುದೇ ಆ ಒಂದು ಫೈಲ್‌ನಲ್ಲಿ. ಅದನ್ನು ಎರಡು ತುಂಡು ಮಾಡಿದರೆ ಸಮಸ್ಯೆ ಮುಗಿಯಿತು. ವಿಂಡೋಸ್ ಸೆಟಪ್‌ಗೆ ತುಂಡುಗಳನ್ನು ಜೋಡಿಸಿ ಓದುವುದು ಗೊತ್ತಿದೆ. ಮೈಕ್ರೋಸಾಫ್ಟೇ ಒದಗಿಸಿರುವ ಸೌಲಭ್ಯ ಅದು, ಕಳ್ಳದಾರಿಯಲ್ಲ.

ತುಂಡು ಮಾಡುವ ಮೊದಲು ತಂಗಿಯ ಫೈಲ್‌ಗಳನ್ನು ಹೊರತೆಗೆಯಿರಿ. ನಿಮ್ಮ ಎರಡನೇ ಪೆನ್‌ಡ್ರೈವ್ ಈಗ ಉಪಯೋಗಕ್ಕೆ ಬಂತು: ಅದೇ ಇಮೇಜ್ ರೈಟರ್‌ನಿಂದ ಅದಕ್ಕೆ ಮಿಂಟ್ ಐಎಸ್‌ಒ ಬರೆಯಿರಿ. ಇದು ಐಸೊಹೈಬ್ರಿಡ್ ಆದ್ದರಿಂದ ಮೆನುವಿನಲ್ಲಿ ಕಾಣುತ್ತದೆ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಗುಂಡಿ ಮುಟ್ಟದೆ, ಲೈವ್ ಆಗಿಯೇ ಫೈಲ್ ಮ್ಯಾನೇಜರ್ ತೆರೆಯಿರಿ. ವಿಎಂಡಿ ಆನ್ ಇದ್ದರೂ ಮಿಂಟ್ 22ರ ಕರ್ನಲ್‌ನಲ್ಲಿ ಅದರ ಡ್ರೈವರ್ ಇರುವುದರಿಂದ ಎಸ್‌ಎಸ್‌ಡಿ ಸಾಮಾನ್ಯವಾಗಿ ಕಾಣುತ್ತದೆ. ಯೂಸರ್ಸ್ ಫೋಲ್ಡರ್‌ನೊಳಗೆ ತಂಗಿಯ ಹೆಸರಿನ ಫೋಲ್ಡರನ್ನು ಹೊರಗಿನಿಂದ ಚುಚ್ಚಿದ ಬೇರೆ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿ. ವಿಂಡೋಸ್ ಸರಿಯಾಗಿ ಮುಚ್ಚಿರದಿದ್ದರೆ ಮಿಂಟ್ ಆ ವಿಭಾಗವನ್ನು ಓದಲು ಮಾತ್ರ ಬಿಡಬಹುದು. ನಮಗೆ ಬೇಕಾದದ್ದೂ ಅಷ್ಟೇ.

ಕ್ಲಿಕ್ ಮಾಡಿದಾಗ ಪಾಸ್‌ವರ್ಡ್ ಕೇಳಿದರೆ ಡಿಸ್ಕ್ ಬಿಟ್‌ಲಾಕರ್‌ನಲ್ಲಿ ಬೀಗ ಹಾಕಿದೆ ಎಂದರ್ಥ. ತಂಗಿ ವಿಂಡೋಸ್‌ಗೆ ಲಾಗಿನ್ ಆಗಲು ಬಳಸುತ್ತಿದ್ದ ಮೈಕ್ರೋಸಾಫ್ಟ್ ಖಾತೆಯನ್ನು ಫೋನ್‌ನಲ್ಲಿ ತೆರೆದು, ಸಾಧನಗಳ ಪಟ್ಟಿಯಲ್ಲಿ ಈ ಲ್ಯಾಪ್‌ಟಾಪ್‌ನ ಕೆಳಗಿರುವ 48 ಅಂಕಿಯ ರಿಕವರಿ ಕೀ ತೆಗೆದುಕೊಳ್ಳಿ. ನಡುವಿನ ಅಡ್ಡಗೆರೆಗಳ ಸಮೇತ ಅದನ್ನೇ ಮಿಂಟ್‌ನಲ್ಲಿ ಟೈಪ್ ಮಾಡಿದರೆ ಬೀಗ ತೆರೆಯುತ್ತದೆ. ಕಾಲೇಜಿನವರು ಕೊಟ್ಟ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಕೀ ಅಲ್ಲಿರುವ ಸಾಧ್ಯತೆ ಇದೆ. ಕೀ ಸಿಗುವ ತನಕ ಯಾವ ಪಾರ್ಟಿಶನ್ ಅನ್ನೂ ಅಳಿಸಬೇಡಿ. ಅಳಿಸಿದ ಮೇಲೆ ಯಾವ ಅಂಗಡಿಯವರಿಂದಲೂ ಅದನ್ನು ವಾಪಸ್ ತರಲಾಗದು.

ಐಎಸ್‌ಒ ಪೂರ್ತಿ ಇಳಿದಿದೆಯೇ ಎಂಬುದನ್ನು ಎರಡು ನಿಮಿಷದಲ್ಲಿ ನೋಡಿಬಿಡಿ. ಟರ್ಮಿನಲ್ ತೆರೆದು ಎಸ್‌ಎಚ್‌ಎ256ಸಮ್ ಎಂಬ ಆಜ್ಞೆಯನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಐಎಸ್‌ಒ ಫೈಲನ್ನು ಎಳೆದು ಟರ್ಮಿನಲ್ ಮೇಲೆ ಬಿಡಿ. ಅದರ ದಾರಿ ತಾನಾಗಿ ಬೀಳುತ್ತದೆ. ಎಂಟರ್ ಒತ್ತಿದರೆ 64 ಅಕ್ಷರಗಳ ಸಾಲು ಬರುತ್ತದೆ. ಮೈಕ್ರೋಸಾಫ್ಟ್‌ನ ಡೌನ್‌ಲೋಡ್ ಪುಟದಲ್ಲೇ ಭಾಷೆಗೊಂದರಂತೆ ಇಂಥ ಸಾಲುಗಳ ಪಟ್ಟಿ ಇದೆ; ನೀವು ಆರಿಸಿದ ಭಾಷೆಯ ಸಾಲಿನೊಂದಿಗೆ ಹೋಲಿಸಿ. ಒಂದು ಅಕ್ಷರ ತಪ್ಪಿದರೂ ಮತ್ತೆ ಇಳಿಸಬೇಕು. ಇಲ್ಲೊಂದು ತೊಡಕಿದೆ: ಮೈಕ್ರೋಸಾಫ್ಟ್ ಕೊಡುವ ಲಿಂಕ್ 24 ಗಂಟೆ ಮಾತ್ರ ಬದುಕಿರುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನಲ್ಲಿ ಇಂದು ಸ್ವಲ್ಪ, ನಾಳೆ ಸ್ವಲ್ಪ ಎಂದರೆ ನಡೆಯದು. ಮಳೆಗಾಲದಲ್ಲಿ ಟವರ್‌ಗೂ ಕರೆಂಟ್ ಇರದ ದಿನಗಳಲ್ಲಂತೂ ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಫೈಬರ್ ಇರುವ ನೆಂಟರ ಮನೆಯಲ್ಲಿ ಒಂದೇ ಪಟ್ಟಿಗೆ ಇಳಿಸಿಕೊಳ್ಳುವುದು ವಾಸಿ.

ಇನ್ನು ಪೆನ್‌ಡ್ರೈವ್. ಮಿಂಟ್‌ನ ಮೆನುವಿನಲ್ಲಿ ಡಿಸ್ಕ್ಸ್ ಎಂಬ ತಂತ್ರಾಂಶ ತೆರೆಯಿರಿ. ಎಡಗಡೆಯ ಪಟ್ಟಿಯಲ್ಲಿ ನಿಮ್ಮ ಎಸ್‌ಎಸ್‌ಡಿಯೂ ಇರುತ್ತದೆ, ಪೆನ್‌ಡ್ರೈವೂ ಇರುತ್ತದೆ. ಗಾತ್ರ ನೋಡಿ ಗುರುತಿಸಿ. ಸಂಶಯವಿದ್ದರೆ ಪೆನ್‌ಡ್ರೈವ್ ಕಿತ್ತು ಯಾವ ಸಾಲು ಮಾಯವಾಗುತ್ತದೆ ನೋಡಿ. ಇಲ್ಲಿ ತಪ್ಪು ಆರಿಸಿದರೆ ಹೋಗುವುದು ನಿಮ್ಮದೇ ತೋಟದ ಲೆಕ್ಕ. ಪೆನ್‌ಡ್ರೈವ್ ಆರಿಸಿ, ಮೇಲಿನ ಮೂರು ಚುಕ್ಕೆಯ ಮೆನುವಿನಿಂದ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡುವ ಆಯ್ಕೆ ತೆಗೆದುಕೊಳ್ಳಿ. ಪಾರ್ಟಿಶನ್ ಬಗೆ ಜಿಪಿಟಿ ಇರಲಿ. ಹಳೆಯದರ ಮೇಲೆ ಸೊನ್ನೆ ಬರೆಯುವ ನಿಧಾನದ ಆಯ್ಕೆ ಬೇಡ, ಅದರಿಂದ ಸಮಯ ಹಾಳು. ಆಮೇಲೆ ಕೆಳಗಿನ ಕೂಡು ಚಿಹ್ನೆ ಒತ್ತಿ, ಪೂರ್ತಿ ಜಾಗಕ್ಕೆ ಒಂದೇ ಪಾರ್ಟಿಶನ್, ಬಗೆ ಫ್ಯಾಟ್ ಎಂದು ಕೊಡಿ. ಹೆಸರು 11 ಅಕ್ಷರ ಮೀರದಿರಲಿ. ‘ವಿನ್11’ ಎಂದು ಇಂಗ್ಲಿಷಿನಲ್ಲಿ ಕೊಟ್ಟರೆ ಸಾಕು. ಇಮೇಜ್ ರೈಟರ್‌ನಿಂದ ಬರೆದ ಪೆನ್‌ಡ್ರೈವನ್ನು ಫೈಲ್ ಮ್ಯಾನೇಜರ್ ಡಿವಿಡಿಯಂತೆ ತೋರಿಸುತ್ತಿದ್ದರೆ ಅದೂ ಇಲ್ಲಿಗೆ ಸರಿಹೋಗುತ್ತದೆ.

ಐಎಸ್‌ಒ ಮೇಲೆ ಬಲಗ್ಲಿಕ್ ಮಾಡಿ ಡಿಸ್ಕ್ ಇಮೇಜ್ ಮೌಂಟರ್‌ನಿಂದ ತೆರೆದರೆ ಒಳಗಿನದೆಲ್ಲ ಒಂದು ಡ್ರೈವ್‌ನಂತೆ ಕಾಣುತ್ತದೆ. ಸೋರ್ಸಸ್ ಫೋಲ್ಡರ್ ಒಂದನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ನಂತರ ಪೆನ್‌ಡ್ರೈವ್‌ನಲ್ಲಿ ಅದೇ ಹೆಸರಿನ, ಅದೇ ಅಕ್ಷರಗಳ ಸೋರ್ಸಸ್ ಫೋಲ್ಡರ್ ಮಾಡಿ, ಮೂಲ ಸೋರ್ಸಸ್‌ನಲ್ಲಿರುವ ಇನ್‌ಸ್ಟಾಲ್.ವಿಮ್ ಹೊರತು ಉಳಿದದ್ದನ್ನೆಲ್ಲ ಅದಕ್ಕೆ ಹಾಕಿ. ಹೆಸರು ತುಸು ಹೋಲುವ ಬೂಟ್.ವಿಮ್ ಕೂಡ ಅಲ್ಲೇ ಇದೆ. ಅದನ್ನು ಬಿಟ್ಟರೆ ಸೆಟಪ್ ಶುರುವಾಗುವುದೇ ಇಲ್ಲ, ಆದ್ದರಿಂದ ಅದು ಹೋಗಲೇಬೇಕು.

ಉಳಿದದ್ದು ಆ ದೊಡ್ಡ ಫೈಲ್. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ವಿಮ್‌ಟೂಲ್ಸ್ ಎಂದು ಹುಡುಕಿ ಹಾಕಿಕೊಳ್ಳಿ. ಹೋಮ್‌ನಲ್ಲಿ ಹೊಸದೊಂದು ಫೋಲ್ಡರ್ ಮಾಡಿ ಇನ್‌ಸ್ಟಾಲ್.ವಿಮ್ ಅನ್ನು ಅದಕ್ಕೆ ಕಾಪಿ ಮಾಡಿ. ಮೂಲ, ತುಂಡು ಎರಡೂ ಇರಬೇಕಾದ್ದರಿಂದ ಡಿಸ್ಕ್‌ನಲ್ಲಿ 15 ಜಿಬಿ ಖಾಲಿ ಇರಲಿ. ಆ ಫೋಲ್ಡರ್‌ನಲ್ಲಿ ಬಲಗ್ಲಿಕ್ ಮಾಡಿ ಅಲ್ಲೇ ಟರ್ಮಿನಲ್ ತೆರೆಯಿರಿ. ಆಜ್ಞೆಯ ಹೆಸರು ವಿಮ್‌ಲಿಬ್-ಇಮೇಜೆಕ್ಸ್. ನಡುವೆ ಅಡ್ಡಗೆರೆ ಇದೆ, ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ಅದರ ಮುಂದೆ ಒಂದೊಂದು ಜಾಗ ಬಿಟ್ಟು ಕ್ರಮವಾಗಿ ನಾಲ್ಕು ಪದ: ಸ್ಪ್ಲಿಟ್, ಇನ್‌ಸ್ಟಾಲ್.ವಿಮ್, ಇನ್‌ಸ್ಟಾಲ್.ಎಸ್‌ಡಬ್ಲ್ಯೂಎಂ, 3800. ಕೊನೆಯದು ಒಂದು ತುಂಡಿನ ಗಾತ್ರ, ಎಂಬಿಯಲ್ಲಿ. 4096 ಕೊಟ್ಟರೆ ಮತ್ತೆ ಗೆರೆ ಮುಟ್ಟುತ್ತದೆ, ಅದಕ್ಕೇ 3800. ಮುಗಿದಾಗ ಇನ್‌ಸ್ಟಾಲ್.ಎಸ್‌ಡಬ್ಲ್ಯೂಎಂ ಮತ್ತು ಇನ್‌ಸ್ಟಾಲ್2.ಎಸ್‌ಡಬ್ಲ್ಯೂಎಂ ಎಂಬ ಎರಡು ಫೈಲ್ ಸಿಗುತ್ತವೆ. ಎರಡನ್ನೂ ಪೆನ್‌ಡ್ರೈವ್‌ನ ಸೋರ್ಸಸ್‌ಗೆ ಹಾಕಿ. ಹೆಸರು ಬದಲಿಸಬಾರದು, ಸೆಟಪ್ ಹುಡುಕುವುದು ಈ ಹೆಸರುಗಳನ್ನೇ.

ಇಲ್ಲಿ ತಾಳ್ಮೆ ಬೇಕು. ಕಾಪಿಯ ಪಟ್ಟಿ ಎರಡೇ ನಿಮಿಷದಲ್ಲಿ ತುಂಬಿದಂತೆ ಕಂಡರೂ ಅದು ರ್‍ಯಾಮ್‌ಗೆ ಹೋಗಿರುತ್ತದೆ, ಪೆನ್‌ಡ್ರೈವ್‌ಗೆ ಅಲ್ಲ. ಯುಎಸ್‌ಬಿ 2 ಪೆನ್‌ಡ್ರೈವ್ ಸೆಕೆಂಡಿಗೆ 8 ಎಂಬಿಯಂತೆ ಬರೆಯುತ್ತದೆ ಎಂದುಕೊಂಡರೆ 6 ಜಿಬಿಗೆ 12-13 ನಿಮಿಷ ಬೇಕು. ಎಜೆಕ್ಟ್ ಒತ್ತಿ, ‘ಈಗ ತೆಗೆಯಬಹುದು’ ಎನ್ನುವ ತನಕ ಮುಟ್ಟಬೇಡಿ. ಬೂಟ್ ಆಗಿ ಅರ್ಧಕ್ಕೆ 0ಎಕ್ಸ್8007000ಡಿ ಎಂದು ನಿಲ್ಲುವ ಪೆನ್‌ಡ್ರೈವ್‌ಗಳಲ್ಲಿ ಎಷ್ಟೋ ಹೀಗೆ ಅವಸರದಲ್ಲಿ ಕಿತ್ತವು. ನಿಮ್ಮ ಹಳೇ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತಿದ್ದರೆ ಕರೆಂಟ್ ನಂಬಿ ಈ ಕೆಲಸ ಹಿಡಿಯಬೇಡಿ, ಯುಪಿಎಸ್‌ಗೆ ಚುಚ್ಚಿ. ಅಗ್ಗಕ್ಕೆ ಸಿಕ್ಕಿದ ‘128 ಜಿಬಿ’ ಪೆನ್‌ಡ್ರೈವ್ ಆಗಿದ್ದರೆ ಎಫ್3 ಎಂಬ ತಂತ್ರಾಂಶದಿಂದ ನಿಜವಾದ ಗಾತ್ರ ಪರೀಕ್ಷಿಸಿಕೊಳ್ಳಿ. 8 ಜಿಬಿ ಚಿಪ್‌ಗೆ 128 ಎಂದು ಹೆಸರು ಹೊಡೆದವು ಮಾರುಕಟ್ಟೆಯಲ್ಲಿವೆ. ಅವು ಬರೆಯುವಾಗ ದೂರುವುದಿಲ್ಲ, ಓದುವಾಗ ಕೈಕೊಡುತ್ತವೆ.

ಇಷ್ಟೆಲ್ಲ ಏಕೆ, ವೆಂಟಾಯ್ ಇದೆಯಲ್ಲ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದೂ ಒಳ್ಳೆಯ ದಾರಿಯೇ. ಪೆನ್‌ಡ್ರೈವ್‌ಗೆ ಒಮ್ಮೆ ವೆಂಟಾಯ್ ಹಾಕಿದರೆ, ಆಮೇಲೆ ಐಎಸ್‌ಒಗಳನ್ನು ಮಾಮೂಲಿ ಫೈಲ್‌ನಂತೆ ಕಾಪಿ ಮಾಡಿದರೆ ಸಾಕು. ಬೂಟ್ ಆದಾಗ ಪಟ್ಟಿ ತೋರಿಸುತ್ತದೆ. ವಿಂಡೋಸೂ ಮಿಂಟೂ ಒಂದೇ ಪೆನ್‌ಡ್ರೈವ್‌ನಲ್ಲಿರುತ್ತವೆ. ಆದರೆ ಸೆಕ್ಯೂರ್ ಬೂಟ್ (ನಂಬಿದ ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಏಳಲು ಬಿಡುವ ಕಾವಲು) ಆನ್ ಇರುವ ಯಂತ್ರದಲ್ಲಿ ಮೊದಲ ಸಲ ನೀಲಿ ಪರದೆಯೊಂದು ಬಂದು ವೆಂಟಾಯ್‌ನ ಕೀಯನ್ನು ಆ ಯಂತ್ರಕ್ಕೆ ಸೇರಿಸಲು ಹೇಳುತ್ತದೆ. ‘ಎನ್‌ರೋಲ್ ಕೀ ಫ್ರಂ ಡಿಸ್ಕ್’ ಆರಿಸಿ, ವಿಟಿಒವೈಇಎಫ್‌ಐ ವಿಭಾಗದಲ್ಲಿರುವ ಕೀ ಫೈಲ್ ತೋರಿಸಬೇಕು. ನಿಮ್ಮದೇ ಯಂತ್ರವಾದರೆ ಸರಿ. ಇನ್ನೊಬ್ಬರ ಲ್ಯಾಪ್‌ಟಾಪ್‌ಗೆ, ಅದೂ ಒಂದು ಸಲದ ಕೆಲಸಕ್ಕೆ, ಹೊಸ ಕೀ ತುರುಕುವುದು ನನಗೆ ಸರಿಕಾಣದು. ಮೇಲೆ ಹೇಳಿದ ಫ್ಯಾಟ್32 ಪೆನ್‌ಡ್ರೈವ್‌ನಲ್ಲಿರುವುದು ಮೈಕ್ರೋಸಾಫ್ಟ್ ಸಹಿಯ ಬೂಟ್‌ಲೋಡರ್, ಸೆಕ್ಯೂರ್ ಬೂಟ್ ಆನ್ ಇದ್ದರೂ ಸದ್ದಿಲ್ಲದೆ ಏಳುತ್ತದೆ. ಬೂಟ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ಎಂಬ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುವುದರಿಂದ ನಿಮಗೆ ಸದ್ಯ ಪ್ರಯೋಜನವಿಲ್ಲ.

ತಂಗಿಯ ಲ್ಯಾಪ್‌ಟಾಪ್‌ಗೆ ಪೆನ್‌ಡ್ರೈವನ್ನು ಹಬ್ ಇಲ್ಲದೆ ನೇರವಾಗಿ ಚುಚ್ಚಿ. ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಗುಂಡಿ ಒತ್ತುತ್ತಿರಿ: ಡೆಲ್, ಲೆನೊವೊ, ಏಸರ್‌ಗೆ ಎಫ್12, ಎಚ್‌ಪಿಗೆ ಎಸ್ಕೇಪ್, ಆಮೇಲೆ ಎಫ್9, ಏಸಸ್ ಲ್ಯಾಪ್‌ಟಾಪ್‌ಗೆ ಎಸ್ಕೇಪ್, ಎಂಎಸ್‌ಐಗೆ ಎಫ್11. ಏಸರ್‌ನಲ್ಲಿ ಎಫ್12 ಮೆನುವನ್ನು ಮೊದಲು ಬಯೋಸ್‌ನಲ್ಲಿ ಆನ್ ಮಾಡಬೇಕಾಗಬಹುದು.

ಸೆಟಪ್ ತೆರೆದರೆ ತಕ್ಷಣ ಇನ್‌ಸ್ಟಾಲ್ ಒತ್ತಬೇಡಿ. ಕಂಪ್ಯೂಟರ್ ರಿಪೇರಿ ಮಾಡುವ ಆಯ್ಕೆಯೂ ಅಲ್ಲೇ ಇದೆ. ಟ್ರಬಲ್‌ಶೂಟ್ ಒಳಗೆ ಸ್ಟಾರ್ಟಪ್ ರಿಪೇರ್ ಒಮ್ಮೆ ಓಡಿಸಿ. ಫಲವಿಲ್ಲದಿದ್ದರೆ ಕೊನೆಯ ಕ್ವಾಲಿಟಿ ಅಪ್‌ಡೇಟ್ ತೆಗೆದುಹಾಕುವ ಆಯ್ಕೆ ನೋಡಿ. ಎರಡೂ ಸೋತರೆ ಮಾತ್ರ ಹೊಸದಾಗಿ ಹಾಕಿ.

ಹೊಸದಾಗಿ ಹಾಕುವಾಗ ತಂಗಿಯ ಯಂತ್ರದಲ್ಲಿ ಎದುರಾಗುವ ದೊಡ್ಡ ತಡೆ ಮತ್ತೆ ಅದೇ ವಿಎಂಡಿ. ಡಿಸ್ಕ್ ಆರಿಸುವ ಪುಟ ಖಾಲಿ ಬರಬಹುದು, ಅಥವಾ ಪೆನ್‌ಡ್ರೈವ್ ಮಾತ್ರ ಕಾಣಬಹುದು. ಎಸ್‌ಎಸ್‌ಡಿ ಸತ್ತಿತು ಎಂದು ಹೊಸದು ಕೊಳ್ಳಲು ಹೊರಡಬೇಡಿ. ಮಿಂಟ್‌ಗೆ ಕಂಡದ್ದು ವಿಂಡೋಸ್ ಸೆಟಪ್‌ಗೆ ಕಾಣದಿದ್ದರೆ ಕೊರತೆ ಇರುವುದು ಡ್ರೈವರ್‌ನದು. ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ಆ ಮಾದರಿಯ ಪುಟದಿಂದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರನ್ನು ಮೊದಲೇ ಇಳಿಸಿಡಿ. ಅದು ಜಿಪ್ ಆಗಿದ್ದರೆ ಸುಲಭ. ಇಎಕ್ಸ್‌ಇ ಆಗಿದ್ದರೆ ಮಿಂಟ್‌ನಲ್ಲಿ 7-ಜಿಪ್‌ನಿಂದ ಬಿಚ್ಚಲು ನೋಡಿ, ಹಲವು ಬಿಚ್ಚುತ್ತವೆ. ನಮಗೆ ಬೇಕಾದದ್ದು ಐಎಸ್ಟೋರ್‌ವಿಡಿ.ಐಎನ್‌ಎಫ್ ಎಂಬ ಫೈಲ್ ಇರುವ ಫೋಲ್ಡರ್. ಆ ಹೆಸರು ಇಂಗ್ಲಿಷಿನ ಐ, ಎ ಅಕ್ಷರಗಳಿಂದ ಶುರುವಾಗುತ್ತದೆ. ಆ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವ್‌ಗೆ ಹಾಕಿ, ಸೆಟಪ್‌ನಲ್ಲಿ ‘ಲೋಡ್ ಡ್ರೈವರ್’ ಒತ್ತಿ ತೋರಿಸಿದರೆ ಡಿಸ್ಕ್ ಕಾಣಿಸಿಕೊಳ್ಳುತ್ತದೆ. ಹೇಗೂ ಎಲ್ಲ ಅಳಿಸಿ ಹಾಕುವವರು ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿಯೂ ಮುಂದುವರಿಯಬಹುದು. ಆದರೆ ಆಮೇಲೆ ಅದನ್ನು ಮತ್ತೆ ಆನ್ ಮಾಡಿದರೆ ಇದೇ ನೀಲಿ ಪರದೆ ಮರಳಿ ಬರುತ್ತದೆ.

ಸೆಟಪ್ ವಿಂಡೋಸ್‌ನ ಪ್ರಾಡಕ್ಟ್ ಕೀ ಕೇಳಿದರೆ ‘ನನ್ನಲ್ಲಿ ಕೀ ಇಲ್ಲ’ ಎಂದು ಮುಂದೆ ಹೋಗಿ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ನ ಕೀ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಆವೃತ್ತಿ ಕೇಳಿದರೆ ಮಾತ್ರ ಜೋಪಾನ. ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಯಂತ್ರಗಳಿಗೆ ಇರುವುದು ಹೋಮ್ ಸಿಂಗಲ್ ಲಾಂಗ್ವೇಜ್. ಆಸೆಗೆ ಪ್ರೊ ಆರಿಸಿದರೆ ಆಕ್ಟಿವೇಟ್ ಆಗದು.

ಮೊದಲ ಸಲ ರೀಸ್ಟಾರ್ಟ್ ಆದಾಗ ಮತ್ತೆ ಮೊದಲಿನ ಸೆಟಪ್ ಪುಟವೇ ಬಂದರೆ ಯಂತ್ರ ಪುನಃ ಪೆನ್‌ಡ್ರೈವ್‌ನಿಂದ ಎದ್ದಿದೆ; ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು ಆನ್ ಮಾಡಿ. ಕೊನೆಗೆ ಹೋಮ್ ಆವೃತ್ತಿ ಇಂಟರ್ನೆಟ್ ಕೇಳುತ್ತದೆ, ಆದರೆ ವೈಫೈ ಡ್ರೈವರ್ ಇನ್ನೂ ಇಲ್ಲದೆ ನೆಟ್‌ವರ್ಕ್ ಪಟ್ಟಿ ಖಾಲಿ ಇರಬಹುದು. ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಅದನ್ನು ವಿಂಡೋಸ್ ತಂತಿಯ ನೆಟ್‌ವರ್ಕ್ ಎಂದು ಹಿಡಿಯುತ್ತದೆ. ಆ ಹೊತ್ತಿಗೆ ಫೋನ್‌ನಲ್ಲಿ ಆ ದಿನದ ಡೇಟಾ ಉಳಿದಿರಲಿ, ಅಪ್‌ಡೇಟ್‌ಗಳು ಶುರುವಾಗುವುದೂ ಆಗಲೇ.